ಐಸಿಯು ಅಲಾರಂಗಳು ಹೀಗೇಕೆ ಕೂಗುತ್ತವೆ?

ತೀವ್ರ ನಿಗಾ ಘಟಕದ ಬಾಗಿಲ ಹೊರಗೆ ರಾತ್ರಿ ಕಳೆದವರಿಗೆಲ್ಲ ಆ ಸದ್ದು ಗೊತ್ತು. ಒಳಗೆ ಯಾವುದೋ ಯಂತ್ರ ಕೂಗುತ್ತಲೇ ಇರುತ್ತದೆ, ಯಾರೂ ಓಡುವುದಿಲ್ಲ. ರೋಗಿಯ ಕಡೆಯವರ ಎದೆ ಮಾತ್ರ ಹೊಡೆದುಕೊಳ್ಳುತ್ತದೆ. ಇದನ್ನು ನರ್ಸ್‌ಗಳ ಅಸಡ್ಡೆ ಎನ್ನುವುದು ಅನ್ಯಾಯ. ತೊಡಕಿರುವುದು ಆ ಸದ್ದಿನಲ್ಲೇ.

ಅನಗತ್ಯ ಸದ್ದು ರೋಗಿಯ ಮೇಲೆ ಎಸಗುವ ಕ್ರೌರ್ಯ ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ನೂರು ವರ್ಷದ ನಂತರ ಹಾಸಿಗೆಯ ಪಕ್ಕಕ್ಕೆ ಮಾನಿಟರ್, ವೆಂಟಿಲೇಟರ್, ಸಿರಿಂಜ್ ಪಂಪ್‌ಗಳು ಒಂದೊಂದಾಗಿ ಬಂದವು. ಒಂದೊಂದು ಕಂಪನಿಯದು ಒಂದೊಂದು ಕೂಗು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2005ರಲ್ಲಿ ಹಳೆಯ ಅಳತೆಗಳನ್ನೆಲ್ಲ ಜೋಡಿಸಿ ನೋಡಿದಾಗ, ಆಸ್ಪತ್ರೆಯ ಹಗಲಿನ ಸದ್ದು 1960ರಲ್ಲಿದ್ದ 57 ಡೆಸಿಬೆಲ್‌ನಿಂದ 72ಕ್ಕೆ ಏರಿತ್ತು.

ಪರಿಹಾರದ ಮೊದಲ ಸುಳಿವು ದೊರೆತದ್ದು ವಿಮಾನದಲ್ಲಿ. ಎಚ್ಚರಿಕೆಯ ಗಂಟೆಗಳು ಎಷ್ಟು ಜೋರಾಗಿದ್ದವೆಂದರೆ, ಪೈಲಟ್‌ಗಳು ಅಪಾಯ ಏನೆಂದು ನೋಡುವ ಮೊದಲು ಸದ್ದು ಆರಿಸಲು ಕೈಚಾಚುತ್ತಿದ್ದರು. ಕೇಂಬ್ರಿಡ್ಜ್‌ನ ಶ್ರವಣ ಸಂಶೋಧಕ ರಾಯ್ ಪ್ಯಾಟರ್ಸನ್ 1982ರಲ್ಲಿ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರಕ್ಕೆ ಮಾರ್ಗಸೂಚಿ ಕೊಟ್ಟರು. ಸದ್ದಿನ ಮಟ್ಟವನ್ನು ಕಾಕ್‌ಪಿಟ್‌ನ ಗದ್ದಲಕ್ಕೆ ಹೊಂದಿಸಬೇಕು, ಅದು ಥಟ್ಟನೆ ಸಿಡಿಯಬಾರದು, ತುರ್ತು ಎಷ್ಟೆಂಬುದನ್ನು ಅದರ ಗತಿಯೇ ಹೇಳಬೇಕು. ಇವರೂ ಮನೋವಿಜ್ಞಾನಿ ಜೂಡಿ ಎಡ್ವರ್ದಿಯವರೂ ಅದೇ ದಶಕದಲ್ಲಿ ಆಸ್ಪತ್ರೆಗೂ ಇಂಥ ಸದ್ದುಗಳನ್ನು ರೂಪಿಸಿದರು.

ಅದೇ ಹೊತ್ತಿಗೆ ಪಲ್ಸ್ ಆಕ್ಸಿಮೀಟರ್ ಶಸ್ತ್ರಚಿಕಿತ್ಸಾ ಕೊಠಡಿಗೆ ಬಂತು. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಅದರ ಬೀಪ್‌ನ ಸ್ವರವೂ ಇಳಿಯುತ್ತದೆ. ಅರಿವಳಿಕೆ ತಜ್ಞರು ಪರದೆ ನೋಡಬೇಕಿಲ್ಲ, ಕಿವಿಗೇ ತಿಳಿಯುತ್ತದೆ. ಕೇಳುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಸದ್ದು ಎಷ್ಟು ಉಪಕಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಈ ತಿಳಿವಳಿಕೆಯೆಲ್ಲ ಕೈಯಲ್ಲಿದ್ದಾಗಲೇ ವೈದ್ಯಕೀಯ ಯಂತ್ರಗಳ ಅಲಾರಂ ಕುರಿತ 2006ರ ಅಂತರರಾಷ್ಟ್ರೀಯ ಮಾನದಂಡ, ಐಇಸಿ 60601-1-8, ಬಂತು. ಹೃದಯ, ಉಸಿರಾಟ, ಆಮ್ಲಜನಕ, ಔಷಧ ಪೂರೈಕೆ, ಉಷ್ಣಾಂಶ ಹೀಗೆ ಎಂಟು ಬಗೆಗೆ ಎಂಟು ಪುಟ್ಟ ರಾಗಗಳು. ಆದರೆ ಎಲ್ಲವುಗಳ ಲಯ ಒಂದೇ, ಸ್ವರಗಳ ಸಂಖ್ಯೆ ಒಂದೇ. ಸ್ವರಗಳ ಏರಿಳಿತ ಮಾತ್ರ ಬೇರೆ. ಮನುಷ್ಯರ ಕಿವಿ ಸುಲಭವಾಗಿ ಹಿಡಿಯುವುದು ಲಯವನ್ನು, ನಾದದ ಬಣ್ಣವನ್ನು. ಅವೆರಡನ್ನೂ ಬಿಟ್ಟು ಅತಿ ಕಷ್ಟದ ಗುರುತನ್ನೇ ಆರಿಸಿದಂತಾಯಿತು. ಆಸ್ಟ್ರೇಲಿಯದಲ್ಲಿ ನಡೆದ ಪ್ರಯೋಗಗಳಲ್ಲಿ ನರ್ಸ್‌ಗಳು ಅಭ್ಯಾಸ ಮಾಡಿದ ಮೇಲೂ ಒಂದನ್ನು ಇನ್ನೊಂದೆಂದು ತಿಳಿದು ಪರದಾಡಿದರು. ಸಂಗೀತ ಕಲಿತಿದ್ದವರು ಅಷ್ಟಿಷ್ಟು ಗೆದ್ದರು. ಜೀವ ಉಳಿಸುವ ಕೆಲಸಕ್ಕೆ ಸಂಗೀತ ಪರೀಕ್ಷೆ ಪಾಸಾಗಿರಬೇಕೇ? ಕೇಳಬೇಕಾದವರ ಮುಂದೆ ಸದ್ದುಗಳನ್ನಿಟ್ಟು ಪರೀಕ್ಷಿಸುವ ಕೆಲಸ ನಡೆದದ್ದು ಮಾನದಂಡ ಜಾರಿಗೆ ಬಂದ ನಂತರ.

ಇನ್ನೊಂದು ಕಡೆ ಅಲಾರಂಗಳ ಸಂಖ್ಯೆಯೇ ಮಿತಿಮೀರಿತು. ಅಪಾಯ ತಪ್ಪಿಹೋಗದಿರಲಿ ಎಂದು ಮಿತಿಗಳನ್ನು ಬಿಗಿಯಾಗಿ ಇಟ್ಟಾಗ, ರೋಗಿ ಮಗ್ಗುಲು ಬದಲಿಸಿದರೂ ಯಂತ್ರ ಕೂಗುತ್ತದೆ. 2013ರಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್, ಶೇ 85ರಿಂದ 99ರಷ್ಟು ಅಲಾರಂಗಳಿಗೆ ಯಾವ ಚಿಕಿತ್ಸೆಯೂ ಬೇಕಿರುವುದಿಲ್ಲ ಎಂದಿತು. 2009ರಿಂದ 2012ರ ಮಧ್ಯದವರೆಗೆ ಅದಕ್ಕೆ ವರದಿಯಾದ ಅಲಾರಂ ಸಂಬಂಧಿತ 98 ಪ್ರಕರಣಗಳಲ್ಲಿ 80 ರೋಗಿಗಳು ಸತ್ತಿದ್ದರು. ಸುಳ್ಳು ಕೂಗಿಗೆ ಒಗ್ಗಿದ ಕಿವಿ ನಿಜವಾದ ಕೂಗನ್ನೂ ಬಿಟ್ಟುಬಿಡುತ್ತದೆ.

ಆ ಮಾನದಂಡದ 2020ರ ತಿದ್ದುಪಡಿಯಲ್ಲಿ ದಾರಿ ಬದಲಾಯಿತು. ಎಡ್ವರ್ದಿಯವರ ತಂಡ ಪರೀಕ್ಷಿಸಿ ರೂಪಿಸಿದ ಹೊಸ ಸದ್ದುಗಳಲ್ಲಿ ಹೃದಯಕ್ಕೆ ಲಬ್-ಡಬ್ ಬಡಿತವಿದೆ, ಔಷಧಕ್ಕೆ ಮಾತ್ರೆ ಡಬ್ಬಿಯ ಗಲಗಲವಿದೆ. ಪ್ರಯೋಗಗಳಲ್ಲಿ ಜನ ಇವನ್ನು ಬೇಗ ಕಲಿತರು. ಆದರೆ ಆಸ್ಪತ್ರೆಗಳು ಮಾನಿಟರ್‌ಗಳನ್ನು ವರ್ಷಾನುಗಟ್ಟಲೆ ಬಳಸುತ್ತವೆ, ಹಳೆಯ ಸದ್ದು ಬೇಗ ತೊಲಗುವುದಿಲ್ಲ.

ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ ಗುರುತಿಸಿ, ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ ಇಟ್ಟಿವೆ. ಅವುಗಳ ಕಣ್ಣು ಹೊರಗಿನ ಹಾರನ್ ಮತ್ತು ಧ್ವನಿವರ್ಧಕಗಳ ಮೇಲಿದೆ. ಒಳಗಿನ ಸದ್ದಿನ ಮಟ್ಟಿಗೆ, ಯಂತ್ರ ಕೊಳ್ಳುವ ಸಮಿತಿಗಳು ಬೆಲೆ ಮತ್ತು ಸರ್ವಿಸ್ ಜೊತೆಗೆ ಅದರ ಅಲಾರಂ ಅನ್ನೂ ವಾರ್ಡಿನ ನರ್ಸ್‌ಗಳಿಗೆ ಕೇಳಿಸಿ, ಅವರ ಅಭಿಪ್ರಾಯ ಪಡೆದೇ ಸಹಿ ಹಾಕಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.