ಒಂದು ಯಾರ್ಡ್, 26 ಸೆಕೆಂಡ್, ಒಂದು ಟೈಮ್‌ಔಟ್: ಆ ಪಾಸ್ ಯಾಕೆ ಎಸೆದರು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಫೆನ್ಸ್, ಅಂದರೆ ಚೆಂಡು ಕೈಯಲ್ಲಿರುವ ತಂಡ, ಹೇಗೆ ಯೋಚಿಸುತ್ತದೆ ಎಂದು ತಿಳಿಯಬೇಕಾದರೆ ಒಂದೇ ಒಂದು ಪ್ಲೇ ಹಿಡಿದು ಕೂರಿ ಎನ್ನುತ್ತೇನೆ ನಾನು. 49ನೇ ಸೂಪರ್ ಬೌಲ್‌ನ ಕೊನೆಯಲ್ಲಿ ಸಿಯಾಟಲ್ ಸೀಹಾಕ್ಸ್ ಎಸೆದ ಪಾಸ್. ಎದುರಾಳಿ ಕೈಗೆ ಹೋಗಿ, ಲೀಗ್‌ನ ಫೈನಲ್ಲೇ ಕೈತಪ್ಪಿದ ಪಾಸ್. 2015ರ ಫೆಬ್ರವರಿ 1, ಅರಿಝೋನಾದ ಗ್ಲೆಂಡೇಲ್‌ನಲ್ಲಿ ನಡೆದದ್ದು. "ಇತಿಹಾಸದಲ್ಲೇ ಕೆಟ್ಟ ನಿರ್ಧಾರ" ಎಂದು ಇದನ್ನು ಬೈದವರು ಲೆಕ್ಕವಿಲ್ಲ. ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ಹಾಗೆ ಅನಿಸಲಿಲ್ಲ. ಬನ್ನಿ, ಒಟ್ಟಿಗೆ ನೋಡೋಣ.

ಮೊದಲು ಬೇಕಾದಷ್ಟೇ ನಿಯಮ. ಆಫೆನ್ಸ್‌ಗೆ ನಾಲ್ಕು ಪ್ರಯತ್ನ, ಅಂದರೆ ನಾಲ್ಕು ಡೌನ್. ಅಷ್ಟರಲ್ಲಿ ಹತ್ತು ಯಾರ್ಡ್ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸಿಗುತ್ತದೆ. ಗೋಲ್ ಗೆರೆ ಹತ್ತಿರ ಬಂದಾಗ ಮಾತ್ರ ಹೊಸ ಡೌನ್ ಆಸೆ ಇಲ್ಲ, ಆ ನಾಲ್ಕರಲ್ಲೇ ಚೆಂಡು ಗೆರೆ ದಾಟಿ ಟಚ್‌ಡೌನ್ ಆಗಬೇಕು. ಇನ್ನೊಂದು ನಿಯಮ ಇವತ್ತಿನ ಪಾಠಕ್ಕೆ ಜೀವಾಳ: ಚೆಂಡು ಹಿಡಿದು ಓಡಿದವನು ಮೈದಾನದೊಳಗೆ ಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ. ಪಾಸ್ ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಇದನ್ನು ಮರೆಯಬೇಡಿ.

ಸ್ಕೋರ್ ಆಗ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28, ಸಿಯಾಟಲ್ 24. ನಾಲ್ಕು ಪಾಯಿಂಟ್ ಹಿಂದೆ ಇರುವುದರಿಂದ ಮೂರು ಪಾಯಿಂಟ್‌ನ ಫೀಲ್ಡ್ ಗೋಲ್ ಒದ್ದು ಪ್ರಯೋಜನವಿಲ್ಲ, ಟಚ್‌ಡೌನೇ ಬೇಕು. ಸಿಯಾಟಲ್‌ನ ಜರ್ಮೇನ್ ಕರ್ಸ್ ನೆಲಕ್ಕೆ ಬಿದ್ದು, ಕೈ ಕಾಲಿಗೆಲ್ಲ ತಾಗಿ ಪುಟಿದ ಚೆಂಡನ್ನು ಮಲಗಿದ್ದಲ್ಲೇ ಹಿಡಿದು ತಂಡವನ್ನು 5 ಯಾರ್ಡ್ ಗೆರೆಗೆ ತಂದಿದ್ದ. ಅಲ್ಲಿ ಸಿಯಾಟಲ್ ಒಂದು ಟೈಮ್‌ಔಟ್ (ಗಡಿಯಾರ ನಿಲ್ಲಿಸುವ ವಿರಾಮ) ತೆಗೆದುಕೊಂಡಿತು. ಕೈಯಲ್ಲಿ ಉಳಿದದ್ದು ಒಂದೇ ಒಂದು. ಮೊದಲ ಡೌನ್‌ನಲ್ಲಿ ಚೆಂಡು ಹಿಡಿದು ಓಡುವ ಮಾರ್ಶಾನ್ ಲಿಂಚ್ ನಾಲ್ಕು ಯಾರ್ಡ್ ನುಗ್ಗಿದ. ಒಂದು ಯಾರ್ಡ್ ಬಾಕಿ ಇರುವಾಗ ಪೇಟ್ರಿಯಟ್ಸ್‌ನ ಡೋಂಟಾ ಹೈಟವರ್ ಅವನನ್ನು ಕೆಡವಿದ. ಆ ಒಂದು ಟ್ಯಾಕಲ್ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಆದರೆ ಅದಿಲ್ಲದಿದ್ದರೆ ಈ ಟಿಪ್ಪಣಿಯೇ ಇರುತ್ತಿರಲಿಲ್ಲ.

ಗಡಿಯಾರದಲ್ಲಿ ಸುಮಾರು ಒಂದು ನಿಮಿಷ. ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಟೈಮ್‌ಔಟ್ ಕರೆಯುತ್ತಾರೆ ಎಂದು ಎಲ್ಲರೂ ಕಾಯುತ್ತಿದ್ದರು, ಯಾಕೆಂದರೆ ಸಿಯಾಟಲ್ ಸ್ಕೋರ್ ಮಾಡಿದರೆ ತಮ್ಮ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಟಾಮ್ ಬ್ರೇಡಿಗೆ ಉತ್ತರ ಕೊಡಲು ಸಮಯ ಬೇಕಲ್ವಾ. ಅವರು ಕರೆಯಲಿಲ್ಲ. ಗಡಿಯಾರ ಓಡಲು ಬಿಟ್ಟರು. ಇತ್ತ ಸಿಯಾಟಲ್ ಕೋಚ್ ಪೀಟ್ ಕ್ಯಾರಲ್ ಕೂಡ ಆತುರ ಮಾಡಲಿಲ್ಲ, ಬ್ರೇಡಿಗೆ ಸಮಯ ಉಳಿಸಿ ಕೊಡಲು ಯಾರಿಗೆ ಇಷ್ಟ? ಸ್ನ್ಯಾಪ್ ಆದಾಗ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಪ್ಲೇ ಶುರುವಾದಾಗ, ಉಳಿದದ್ದು 26 ಸೆಕೆಂಡ್.

ಈಗ ಪೆನ್ನು ಹಿಡಿಯಿರಿ. ಮೂರು ಡೌನ್ ಇವೆ, ಒಂದು ಟೈಮ್‌ಔಟ್, 26 ಸೆಕೆಂಡ್. ಎರಡನೇ ಡೌನ್‌ನಲ್ಲಿ ಲಿಂಚ್ ಓಡಿ ಸಿಕ್ಕಿಬಿದ್ದ ಅಂದುಕೊಳ್ಳಿ. ಸುಮಾರು 20 ಸೆಕೆಂಡ್ ಉಳಿಯುತ್ತದೆ, ಗಡಿಯಾರ ನಿಲ್ಲಿಸಲು ಟೈಮ್‌ಔಟ್ ಖರ್ಚಾಯಿತು. ಮೂರನೇ ಡೌನ್‌ನಲ್ಲೂ ಓಡಿ ಸಿಕ್ಕಿಬಿದ್ದರೆ? ಒಬ್ಬರ ಮೇಲೊಬ್ಬರು ರಾಶಿ ಬಿದ್ದಿರುತ್ತಾರೆ, ಎದುರಾಳಿಗಳು ಬೇಗ ಏಳುವುದಿಲ್ಲ, ಮತ್ತೆ ಸಾಲು ನಿಂತು ಸ್ನ್ಯಾಪ್ ಮಾಡುವಷ್ಟರಲ್ಲಿ ಆಟ ಮುಗಿದರೂ ಮುಗಿಯಿತು. ಹಾಗಾಗಿ ಮೂರನೇ ಡೌನ್‌ನಲ್ಲಿ ಪಾಸ್ ಎಸೆಯಲೇಬೇಕು, ಅದು ಡಿಫೆನ್ಸ್‌ಗೂ ಗೊತ್ತು.

ಕಬಡ್ಡಿ ನೋಡುವವರಿಗೆ ಇದು ತಕ್ಷಣ ಹೊಳೆಯುತ್ತದೆ. ಎರಡು ರೇಡ್ ಖಾಲಿ ಹೋದ ಮೇಲೆ ಮೂರನೆಯದು ಡು ಆರ್ ಡೈ. ರೇಡರ್ ಬಾಕ್ ಗೆರೆ ದಾಟಿ ಸುಮ್ನೆ ವಾಪಸ್ ಹೋಗುವ ಹಾಗಿಲ್ಲ, ಒಳಗೆ ಬರಲೇಬೇಕು, ಡಿಫೆಂಡರ್‌ಗಳು ಅದಕ್ಕೇ ಕೈ ಹಿಡಿದು ಕಾಯುತ್ತಾರೆ. ಆಯ್ಕೆ ಇಲ್ಲದವನನ್ನು ಹಿಡಿಯುವುದು ಸುಲಭ.

ಈಗ ಎರಡನೇ ಡೌನ್‌ನಲ್ಲೇ ಪಾಸ್ ಎಸೆದು ನೋಡಿ. ಸಿಕ್ಕಿದರೆ ಟಚ್‌ಡೌನ್. ನೆಲಕ್ಕೆ ಬಿದ್ದರೆ ಗಡಿಯಾರ ತಾನಾಗಿ ನಿಲ್ಲುತ್ತದೆ, ಟೈಮ್‌ಔಟ್ ಹಾಗೇ ಇದೆ. ಮೂರನೇ ಡೌನ್‌ನಲ್ಲಿ ಓಡಬಹುದು, ಎಸೆಯಲೂಬಹುದು. ಓಡಿ ಆಗದಿದ್ದರೆ ಟೈಮ್‌ಔಟ್, ನಾಲ್ಕನೆಯದಕ್ಕೂ ಎರಡೂ ದಾರಿ ತೆರೆದಿವೆ. ಅಂದರೆ ಆ ಪಾಸ್ ಲಿಂಚ್‌ನ ಬದಲಿಗೆ ಅಲ್ಲ. ಲಿಂಚ್‌ಗೆ ಇನ್ನೂ ಎರಡು ಅವಕಾಶ ಉಳಿಸಿಕೊಂಡೇ ಒಂದು ಪಾಸ್. ಜೊತೆಗೆ ಪೇಟ್ರಿಯಟ್ಸ್ ಓಟ ತಡೆಯಲು ದಪ್ಪ ದಪ್ಪ ಆಳುಗಳನ್ನು ಇಳಿಸಿದ್ದರು, ಸಿಯಾಟಲ್ ಪಾಸ್ ಹಿಡಿಯುವ ಮೂವರು ರಿಸೀವರ್‌ಗಳನ್ನು ಇಟ್ಟಿತ್ತು. ಆ ಸೀಸನ್‌ನಲ್ಲಿ ಒಂದು ಯಾರ್ಡ್ ಗೆರೆಯಿಂದ ಲಿಂಚ್ ಐದು ಸಲ ಓಡಿ ಟಚ್‌ಡೌನ್ ಮಾಡಿದ್ದು ಒಂದೇ ಸಲ. ಇಡೀ ಲೀಗ್‌ನಲ್ಲಿ ಆ ಗೆರೆಯಿಂದ ಎಸೆದ ನೂರಕ್ಕೂ ಹೆಚ್ಚು ಪಾಸ್‌ಗಳಲ್ಲಿ ಎದುರಾಳಿ ಕೈಗೆ ಹೋದದ್ದು ಒಂದೇ. ಆ ಒಂದು ಇದೇ.

ಹಾಗಾದರೆ ತಪ್ಪೇ ಇಲ್ಲವಾ? ಇದೆ. ಪಾಸ್ ಎಸೆದದ್ದು ಸರಿ, ಆರಿಸಿದ ಪಾಸ್ ಸರಿಯಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಬಲಗಡೆ ಕರ್ಸ್ ಮುಂದೆ, ರಿಕಾರ್ಡೊ ಲೊಕೆಟ್ ಹಿಂದೆ ನಿಂತರು. ಕರ್ಸ್ ಮುಂದಿನ ಡಿಫೆಂಡರ್‌ನನ್ನು ಹಿಂದಕ್ಕೆ ತಳ್ಳಿ ದಾರಿಗೆ ಅಡ್ಡ ಮಾಡಬೇಕು, ಲೊಕೆಟ್ ಆ ಮರೆಯಿಂದ ಓರೆಯಾಗಿ ಒಳಗೆ ನುಗ್ಗಬೇಕು. ಇದಕ್ಕೆ ಸ್ಲ್ಯಾಂಟ್ ಎನ್ನುತ್ತಾರೆ. ಚೆಂಡು ಹೋಗುವುದು ಜನ ಕಿಕ್ಕಿರಿದ ಕಡೆಗೆ. ರಸೆಲ್ ವಿಲ್ಸನ್ ಓಡಬಲ್ಲ ಕ್ವಾರ್ಟರ್‌ಬ್ಯಾಕ್, ಅವನನ್ನು ಪಕ್ಕಕ್ಕೆ ಓಡಿಸಿ, ಸಿಕ್ಕಿದರೆ ಎಸೆ, ಇಲ್ಲದಿದ್ದರೆ ಹೊರಗೆ ಬಿಸಾಡು ಎಂದಿದ್ದರೆ ಗಡಿಯಾರದ ಲಾಭ ಹಾಗೇ ಸಿಗುತ್ತಿತ್ತು, ಚೆಂಡು ಎದುರಾಳಿ ಕೈಗೆ ಹೋಗುವ ಭಯ ಕಡಿಮೆ ಇರುತ್ತಿತ್ತು.

ಆ ಪ್ಲೇ ಮುರಿದದ್ದು ಪೇಟ್ರಿಯಟ್ಸ್ ಡಿಫೆಂಡರ್ ಬ್ರ್ಯಾಂಡನ್ ಬ್ರೌನರ್. ಅದಕ್ಕೂ ಮುಂಚೆ ಅವನು ಸಿಯಾಟಲ್‌ನಲ್ಲೇ ಆಡಿದವನು. ಕರ್ಸ್‌ನನ್ನು ನಿಂತಲ್ಲೇ ಎರಡೂ ಕೈಯಿಂದ ಒತ್ತಿ ಹಿಡಿದ, ಅಲುಗಾಡಲು ಬಿಡಲಿಲ್ಲ. ಮರೆಯೇ ಇಲ್ಲವಾಯಿತು. ಹಿಂದಿದ್ದ ಇನ್ನೊಬ್ಬ ಪೇಟ್ರಿಯಟ್ಸ್ ಡಿಫೆಂಡರ್ ಮಾಲ್ಕಮ್ ಬಟ್ಲರ್‌ಗೆ ದಾರಿ ಖಾಲಿ. ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ, ಮೊದಲ ವರ್ಷದ ಹುಡುಗ. ಪೇಟ್ರಿಯಟ್ಸ್ ಅಭ್ಯಾಸದಲ್ಲಿ ಇದೇ ಪ್ಲೇ ಹಾಕಿದಾಗ ಅವನು ತಡವಾಗಿ ಹೊರಟು ಟಚ್‌ಡೌನ್ ಬಿಟ್ಟುಕೊಟ್ಟಿದ್ದ. ಈ ಸಲ ಚೆಂಡು ಕೈಬಿಡುವ ಹೊತ್ತಿಗೇ ಓಡಲು ಶುರು ಮಾಡಿದ್ದ, ಲೊಕೆಟ್‌ಗಿಂತ ಮೊದಲು ಚೆಂಡಿನ ಹತ್ತಿರ ಇದ್ದ, ಅದನ್ನು ಹಿಡಿದೇಬಿಟ್ಟ. ವಿಡಿಯೊ ನೋಡುವಾಗ ಚೆಂಡು ಬಿಟ್ಟು ಬ್ರೌನರ್ ಕೈಗಳನ್ನೇ ನೋಡಿ, ಎಲ್ಲ ಅರ್ಥವಾಗುತ್ತದೆ.

ಕೊನೆಗೆ ಒಂದು ಅಭ್ಯಾಸ. ಮೇಲಿನ ಲೆಕ್ಕವನ್ನೇ ಒಂದರ ಬದಲು ಎರಡು ಟೈಮ್‌ಔಟ್ ಇಟ್ಟುಕೊಂಡು ಮತ್ತೆ ಮಾಡಿ. ಓಟ, ಟೈಮ್‌ಔಟ್, ಓಟ, ಟೈಮ್‌ಔಟ್, ಓಟ. ಮೂರು ಸಲವೂ ಲಿಂಚ್ ಕೈಗೆ ಚೆಂಡು ಕೊಡಬಹುದಿತ್ತು, ಪಾಸ್ ಎಸೆಯುವ ಒತ್ತಡವೇ ಇರುತ್ತಿರಲಿಲ್ಲ. ಈಗ ಹಿಂದಕ್ಕೆ ಹೋಗಿ, ಕರ್ಸ್ ಕ್ಯಾಚ್ ಆದ ಮೇಲೆ ಖರ್ಚಾದ ಆ ಟೈಮ್‌ಔಟ್‌ನ ಮೇಲೆ ಒಂದು ಗುರುತು ಹಾಕಿ.