ಚಿನ್ನ ಇತ್ತು, ಚಿಲ್ಲರೆ ಇರ್ಲಿಲ್ಲ

"ನೋಟಿನ ಹಿಂದೆ ಚಿನ್ನ ಇರ್ಬೇಕು ಕಣ್ರೀ, ಇಲ್ದಿದ್ರೆ ಬರೀ ಕಾಗದ" ಅಂತ ಯಾರಾದ್ರೂ ವಾದಕ್ಕೆ ಕೂತಾಗೆಲ್ಲ ನಂಗೆ 1936ರ ಸ್ಪೇನ್ ನೆನಪಾಗತ್ತೆ. ಅಂತರ್ಯುದ್ಧ ಶುರುವಾಗಿ ಮೂರೇ ತಿಂಗಳಿಗೆ ಅಲ್ಲಿನ ರಿಪಬ್ಲಿಕ್ ಸರ್ಕಾರ ಸುಮಾರು 510 ಟನ್ ಚಿನ್ನ ಹಡಗಿಗೆ ತುಂಬಿ ಮಾಸ್ಕೋಗೆ ಕಳಿಸ್ತು, ಅಷ್ಟಿತ್ತು ಅವರ ಹತ್ರ. ಆದ್ರೆ ಬ್ರೆಡ್ ತಗೊಂಡ್ರೆ ಬಾಕಿ ಕೊಡೋಕೆ ಅಂಗಡಿಯವನ ಹತ್ರ ಪುಡಿಗಾಸಿಲ್ಲ!

ಚಿಲ್ಲರೆ ಎಲ್ಲಿ ಹೋಯ್ತು? ಪೆಸೆಟಾ ಅಂದ್ರೆ ನಮ್ಮ ರೂಪಾಯಿ ಥರ ಆಗಿನ ಸ್ಪೇನಿನ ದುಡ್ಡು, 5 ಪೆಸೆಟಾದ ಹಳೇ ನಾಣ್ಯ ಅಂದ್ರೆ 25 ಗ್ರಾಂ, ಅದ್ರಲ್ಲಿ ನೂರಕ್ಕೆ 90 ಭಾಗ ಬೆಳ್ಳಿ. ಯುದ್ಧ ಅಂದ ತಕ್ಷಣ ಜನ ನೋಟು ಕೊಟ್ರು, ಬೆಳ್ಳಿ ಬಚ್ಚಿಟ್ರು. ನಾವೂ ಅಷ್ಟೇ ಅಲ್ವಾ, ಪರ್ಸಲ್ಲಿ ಹರಿದ ಹತ್ತು ರೂಪಾಯಿ ಇದ್ರೆ ಮೊದಲು ಅದನ್ನೇ ಸಾಗಹಾಕ್ತೀವಿ, ಬುಟ್ಟೀಲಿ ಕೊಳೆಯೋಕೆ ಬಂದ ಮಾವಿನಹಣ್ಣನ್ನ ಇವತ್ತು ತಿಂದು ಒಳ್ಳೇದನ್ನ ನಾಳೆಗಿಡ್ತೀವಿ, ನಾಳೆನೂ ಅದೇ ಕತೆ. ಇದಕ್ಕೆ ಗ್ರೆಶಮ್ ನಿಯಮ ಅಂತ ದೊಡ್ಡ ಹೆಸರು ಬೇರೆ.

ಆಗ ಬಾರ್ಸಿಲೋನಾದಿಂದ ಹಿಡಿದು ನಾಲ್ಕು ಬೀದಿಯ ಹಳ್ಳಿವರೆಗೂ ಊರೂರಿನ ಆಡಳಿತದವ್ರೇ 1 ಪೆಸೆಟಾ, 50 ಸೆಂಟಿಮೊ, 25 ಸೆಂಟಿಮೊ (ನೂರು ಸೆಂಟಿಮೊ ಸೇರಿದ್ರೆ ಒಂದು ಪೆಸೆಟಾ) ಚೀಟಿ ಪ್ರಿಂಟ್ ಹಾಕಿದ್ರು. ನಮ್ಮ ಬಸ್ಸಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಪೆನ್ನಲ್ಲಿ "7" ಅಂತ ಗೀಚಿ, ಇಳಿಯುವಾಗ ಇಸ್ಕೊಳ್ಳಿ ಅಂತಾನಲ್ಲ, ಥೇಟ್ ಅದೇ. ಆ ಟಿಕೆಟ್ಟಿಗೆ ಚಿನ್ನದ ಗ್ಯಾರಂಟಿ ಎಲ್ಲಿದೆ? ಕಂಡಕ್ಟರ್ ಇದೇ ಬಸ್ಸಲ್ಲಿ ಕಣ್ಮುಂದೆ ಇದಾನೆ ಅನ್ನೋದೇ ಗ್ಯಾರಂಟಿ, ಇನ್ನೊಂದು ಬಸ್ಸಲ್ಲಿ ತೋರ್ಸಿದ್ರೆ ನಗ್ತಾರೆ. ಹಂಗೇ ಆ ಚೀಟಿಗೂ ಊರ ಗಡಿ ದಾಟಿದ್ರೆ ಕಿಮ್ಮತ್ತಿಲ್ಲ, ಊರೊಳಗೆ ಮಾತ್ರ ಕಟುಕನೂ ತಗೊಂಡ, ಕ್ಷೌರಿಕನೂ ತಗೊಂಡ.

1938ರ ಜನವರಿಲಿ ಸರ್ಕಾರ ಇವನ್ನೆಲ್ಲ ಬ್ಯಾನ್ ಮಾಡ್ತು. ಬದಲಿಗೆ ಬಂದಿದ್ದು ನಂಗೆ ತುಂಬಾ ಇಷ್ಟದ ಐಟಂ: ದುಂಡನೆ ರಟ್ಟು, ಒಂದು ಕಡೆ ಸ್ಪೇನಿನ ಲಾಂಛನ, ಇನ್ನೊಂದು ಕಡೆ ಅಂಟಿಸಿದ ಅಂಚೆಚೀಟಿ! ಯೋಚ್ನೆ ಮಾಡಿ, ಸ್ಟ್ಯಾಂಪ್ ಅಂದ್ರೆ ಸರ್ಕಾರ ಆಗ್ಲೇ ಪ್ರಿಂಟ್ ಮಾಡಿಟ್ಟಿರೋ ಪುಡಿಗಾಸು, ಬೆಲೆ ಮುಖದ ಮೇಲೇ ಇರತ್ತೆ. ಅಮೆರಿಕದ ಅಂತರ್ಯುದ್ಧದಲ್ಲೂ, 1862ರಲ್ಲಿ, ಜನ ಸ್ಟ್ಯಾಂಪನ್ನೇ ಚಿಲ್ಲರೆ ಮಾಡ್ಕೊಂಡಿದ್ರು, ಆದ್ರೆ ಕೈ ಬೆವರಿಗೆ ಗೋಂದು ಕರಗಿ ಒಂದಕ್ಕೊಂದು ಮೆತ್ಕೊಳ್ತಿತ್ತು, ಕೊನೆಗೆ ಜಾನ್ ಗಾಲ್ಟ್ ಅನ್ನೋನು ಹಿತ್ತಾಳೆ ಬಿಲ್ಲೆಯೊಳಗಿಟ್ಟು ಮೇಲೆ ಅಭ್ರಕದ ಹಾಳೆ ಮುಚ್ಚಿ ಪೇಟೆಂಟೇ ತಗೊಂಡ.

1939ರಲ್ಲಿ ರಿಪಬ್ಲಿಕ್ ವಿರುದ್ಧ ದಂಗೆ ಎದ್ದಿದ್ದ ಸೇನಾಧಿಕಾರಿ ಫ್ರಾಂಕೊ ಗೆದ್ದ, ರಿಪಬ್ಲಿಕ್ಕಿನ ಯುದ್ಧಕಾಲದ ದುಡ್ಡು ನಡೆಯಲ್ಲ ಅಂದ್ಬಿಟ್ಟ. ಟಿಕೆಟ್ ಕೈಲೇ ಇದೆ, ಕಂಡಕ್ಟರೂ ಇಲ್ಲ, ಬಸ್ಸೂ ಇಲ್ಲ.