ವಾಟರ್ ಕೂಲಿಂಗ್ ಆಮೇಲೆ, ಮೊದಲು ಸಿಪಿಯು ಗೂಡಿನಿಂದ ಹೊರಗೆ ತೆಗೆಯಿರಿ

"ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗ್ತಿದೆ ಅಣ್ಣಾ, ವಾಟರ್ ಕೂಲಿಂಗ್ ಹಾಕ್ಕೊಡಿ" ಎಂದು ಶಿವಮೊಗ್ಗದ ನಮ್ಮ ಅಂಗಡಿಗೆ ಹುಡುಗರು ಬರುತ್ತಲೇ ಇರುತ್ತಾರೆ. ಸಿಪಿಯು ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತೇನೆ. ಹೆಚ್ಚಿನವರದ್ದು ಒಂದೇ ಉತ್ತರ: ಕಂಪ್ಯೂಟರ್ ಟೇಬಲ್ಲಿನ ಗೂಡಿನೊಳಗೆ, ಗೋಡೆಗೆ ಒತ್ತಿಕೊಂಡು.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತೊಂದಿದೆ. ಕೂಲರ್ ಬಿಸಿಯನ್ನು ಇಲ್ಲವಾಗಿಸುವುದಿಲ್ಲ, ಅದರ ಜಾಗ ಬದಲಿಸುತ್ತದೆ ಅಷ್ಟೆ. ಆರ್‌ಟಿಎಕ್ಸ್ 3060 ಅನ್ನೋ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುವಾಗ ಸುಮಾರು 170 ವಾಟ್ ಎಳೆಯುತ್ತದೆ. ಎಳೆದದ್ದೆಲ್ಲ ಕೊನೆಗೆ ಬಿಸಿಯೇ. ಫ್ಯಾನ್ ಇರಲಿ, ನೀರಿರಲಿ, ಅಷ್ಟೂ ಬಿಸಿ ಕೋಣೆಯ ಗಾಳಿಗೇ ಸೇರಬೇಕು. ನೀರು ಅದನ್ನು ರೇಡಿಯೇಟರ್‌ವರೆಗೆ ಹೊತ್ತೊಯ್ಯುತ್ತದೆ, ಅಲ್ಲಿಂದ ಆಚೆಗೆ ಮತ್ತೆ ಫ್ಯಾನೇ ಬೇಕು. ಗೂಡಿನೊಳಗೆ ಬಿಸಿ ಗಾಳಿಯೇ ಸುತ್ತುತ್ತಿದ್ದರೆ ಎಷ್ಟು ದುಬಾರಿ ಕೂಲರ್ ಹಾಕಿದರೂ ಬಚ್ಚಲ ಒಲೆ ಉರಿಸಿ ಹೊಗೆಗೂಡು ಮುಚ್ಚಿದ ಹಾಗೆ.

ತೀರ್ಥಹಳ್ಳಿ ಕಡೆಯ ಹುಡುಗನೊಬ್ಬನ ಕಾರ್ಡ್ 83 ಡಿಗ್ರಿ ಮುಟ್ಟಿ ಆಟ ತಡವರಿಸುತ್ತಿತ್ತು. ಬಿಚ್ಚಿ ನೋಡಿದರೆ ಕಾರ್ಡಿನ ಬಿಸಿ ಹೀರುವ ಲೋಹದ ಪಟ್ಟಿಗಳ, ಅಂದರೆ ಹೀಟ್‌ಸಿಂಕಿನ, ಸಂದುಗಳಲ್ಲಿ ಧೂಳು, ಧೂಳಿನೊಳಗೆ ಅಡಿಕೆ ಸಿಪ್ಪೆಯ ನಾರು. ಅವನ ಕಿಟಕಿಯ ಹೊರಗೇ ಸುಲಿಯುವ ಮಷಿನ್ನಂತೆ. ಉಗುರಿನಿಂದ ಎಳೆದರೆ ಇಡೀ ಪದರ ಒಟ್ಟಿಗೆ ಎದ್ದು ಬಂತು. "ಎಂತ ಮಾರಾಯ್ರೆ, ಇವ ಹೊಸ ಕಾರ್ಡೇ ಬೇಕು ಅಂತಿದ್ದ" ಎಂದರು ಅವನ ಅಪ್ಪಯ್ಯ. ಪಾಪ, ದುಡ್ಡು ಹಿಡಿದುಕೊಂಡೇ ಬಂದಿದ್ದರು. ಬ್ಲೋವರ್ ಹಿಡಿದು ಕೊಟ್ಟೆ, ಸಿಪಿಯು ಗೂಡಿನಿಂದ ಹೊರಗಿಡಿಸಿದೆ. ಅದೇ ಆಟಕ್ಕೆ ಈಗ 70ರ ಆಸುಪಾಸು.

ಮನೆಯಲ್ಲಿ ಬ್ಲೋವರ್ ಹಿಡಿಯುವವರು ಕಾರ್ಡಿನ ಫ್ಯಾನನ್ನು ಬೆರಳಿನಿಂದ ತಡೆದಿಡಿ. ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.

ಇನ್ನೊಂದು ಪರೀಕ್ಷೆ. ಆಟ ಆಡುತ್ತಿರುವಾಗಲೇ ಸಿಪಿಯುವಿನ ಪಕ್ಕದ ಬಾಗಿಲು ಹತ್ತು ನಿಮಿಷ ತೆಗೆದಿಡಿ. ಬಿಸಿ ಚೆನ್ನಾಗಿ ಇಳಿದರೆ ಕಾರ್ಡಿನದ್ದಲ್ಲ, ಗಾಳಿಯದ್ದೇ ತೊಂದರೆ ಎನ್ನಬಹುದು. ಸಿಪಿಯುವಿನ ಮುಂಭಾಗದಲ್ಲಿ ಗಾಳಿಯನ್ನು ಒಳಗೆಳೆಯುವ ಫ್ಯಾನೊಂದು ಹಾಕಿಸಿ. ಹಾಗಂತ ಬಾಗಿಲು ತೆಗೆದೇ ಬಿಡಬೇಡಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಇರುವೆ, ಹಲ್ಲಿ ಜಾಸ್ತಿ ಅಲ್ವಾ!

75ಕ್ಕೆಲ್ಲ ಸುಮ್ನೆ ಗಾಬರಿ ಬೀಳಬೇಡಿ, ಆಟ ಆಡುವಾಗ ಅದು ಸಹಜ. ಆದರೂ ಇಳಿಸಬೇಕೆಂದರೆ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್, ಅಂದರೆ ಕಾರ್ಡ್ ಎಳೆಯುವ ಕರೆಂಟಿನ ಮಿತಿ, 80 ಪರ್ಸೆಂಟಿಗೆ ಇಳಿಸಿ. ಆಟದ ವೇಗ ಸ್ವಲ್ಪ ತಗ್ಗುತ್ತದೆ, ಬಿಸಿ ಅದಕ್ಕಿಂತ ಹೆಚ್ಚು ತಗ್ಗುತ್ತದೆ. ಇಷ್ಟಾದ ಮೇಲೂ 85 ಡಿಗ್ರಿ ದಾಟಿದರೆ ಅಂಗಡಿಗೆ ತನ್ನಿ, ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಒಣಗಿರಬಹುದು, ನೋಡೋಣ. ವಾರಂಟಿ ಇದ್ದರೆ ಮಾತ್ರ ನೀವೇ ಬಿಚ್ಚಲು ಹೋಗಬೇಡಿ, ಬಿಲ್ಲನ್ನೂ ಜೊತೆಗೆ ತನ್ನಿ.